ಆರ್‌ಎಫ್‌ಇ ತಪ್ಪಿಸಿದ ಹೆಸರಿನ ಶೀಟ್: ನನ್ನ ಅನುಭವ

ಗ್ರೀನ್ ಕಾರ್ಡ್ ಕೇಸುಗಳನ್ನು ಗಂಟೆ ಲೆಕ್ಕ ಬಿಟ್ಟು ಫ್ಲಾಟ್ ಫೀಗೆ, ಅಂದರೆ ಇಡೀ ಕೇಸಿಗೆ ಒಂದೇ ನಿಗದಿತ ಶುಲ್ಕಕ್ಕೆ, ಮಾಡುತ್ತೇನೆ ಅಂದಾಗ ನ್ಯೂಜೆರ್ಸಿಯ ಹಿರಿಯ ವಕೀಲರೊಬ್ಬರು ನಕ್ಕಿದ್ದರು. ಒಂದು ಆರ್‌ಎಫ್‌ಇ (ಇನ್ನಷ್ಟು ದಾಖಲೆ ಕೊಡಿ ಅನ್ನುವ ವಲಸೆ ಇಲಾಖೆಯ ನೋಟಿಸ್) ಬಂದರೂ ಗಂಟು ಕರಗುತ್ತದೆ ಅನ್ನೋದು ಅವರ ಲೆಕ್ಕ. ಹೋದ ವರ್ಷ ವಕೀಲರ ಸಭೆಗೆ ಇದೇ ವಿಷಯ ಮಾತಾಡಲು ನನ್ನನ್ನು ಕರೆಸಿದವರೂ ಅವರೇ.

ಮೊದಲು ದುಡ್ಡು ಸುರಿದದ್ದು ಕೇಸ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರಿಗೆ, ತಿಂಗಳಿಗೆ ಇನ್ನೂರೈವತ್ತು ಡಾಲರ್ ಚಿಲ್ಲರೆ. ಕ್ಲೈಂಟುಗಳು ಪೋರ್ಟಲ್ ಕಡೆ ತಲೆಹಾಕಲಿಲ್ಲ, ಎಲ್ಲ ಫೋಟೊ ವಾಟ್ಸಾಪಿಗೇ. ಸರ್‌ನೇಮ್ ತುಂಬದೆ ಆ ಸಾಫ್ಟ್‌ವೇರ್ ಮುಂದಕ್ಕೂ ಹೋಗುತ್ತಿರಲಿಲ್ಲ. ನಮ್ಮ ಹಾಸನ, ತಿಪಟೂರು ಕಡೆಯವರಿಗೆ ಎಲ್ಲಿಂದ ತರೋದು? ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ, ವೀಸಾದಲ್ಲಿ ಎಫ್‌ಎನ್‌ಯು, ಅಂದರೆ 'ಫಸ್ಟ್ ನೇಮ್ ಅನ್‌ನೋನ್'. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಡಿಗ್ರಿಯಲ್ಲಿ ಹಿಂದೆ. ಜನನ ಪತ್ರದಲ್ಲಿ ಹೆಸರೇ ಇಲ್ಲ, ಬರೀ 'ಗಂಡು'.

ಆ ಸಾಫ್ಟ್‌ವೇರ್ ಬಿಟ್ಟು ಸಾದಾ ಸ್ಪ್ರೆಡ್‌ಶೀಟ್ ಮಾಡಿಕೊಂಡೆ. ಗ್ರೀನ್ ಕಾರ್ಡಿನ ಅರ್ಜಿ ಐ-485 ಮುಟ್ಟುವ ಮೊದಲೇ ಪ್ರತಿ ದಾಖಲೆಗೆ ಒಂದು ಸಾಲು: ಹೆಸರು, ಅಪ್ಪ, ಅಮ್ಮ, ಹುಟ್ಟಿದ ದಿನ, ಊರು, ನೋಂದಣಿ ದಿನ. ಹೊಂದದ ಕಡೆ ಕೆಂಪಾಗುತ್ತದೆ. ಕೆಂಪಾದ ಪ್ರತಿಯೊಂದಕ್ಕೂ ಅಫಿಡವಿಟ್ಟಿನಲ್ಲಿ ಒಂದು ಸಾಲು ಉತ್ತರ. ನೋಂದಣಿ ಹುಟ್ಟಿ ವರ್ಷ ದಾಟಿದ ಮೇಲೆ ಆಗಿದ್ದರೆ ಜನನ ಪತ್ರವೊಂದನ್ನೇ ನಂಬಿ ಕೂರುವುದಿಲ್ಲ. ಅಂಕಪಟ್ಟಿ, ಅಪ್ಪ-ಅಮ್ಮನ ಅಫಿಡವಿಟ್ ಜೊತೆಗೇ ಹೋಗುತ್ತವೆ. ಅಫಿಡವಿಟ್ಟನ್ನು ಯಾವ ಕ್ರಮದಲ್ಲಿ ಬರೆಸುತ್ತೇನೆ ಅನ್ನೋದನ್ನು ಮಾತ್ರ ಕೇಳಬೇಡಿ, ಹೊಟ್ಟೆಪಾಡು ಅದರಲ್ಲೇ ಇದೆ.

ನಡುವೆ ದಾಖಲೆಗಳ ಅನುವಾದಕ್ಕೆ ಎಐ ಹುಚ್ಚೂ ಹತ್ತಿತ್ತು. ಮುದ್ರಿತ ಕನ್ನಡಕ್ಕೆ ಪರವಾಗಿಲ್ಲ. ಹಳೇ ರಿಜಿಸ್ಟರಿನ ಕೈಬರಹದಲ್ಲಿ ೬ ಹೋಗಿ ೯ ಆಯಿತು, 1976ರಲ್ಲಿ ಹುಟ್ಟಿದವರು ಮೂರು ವರ್ಷ ಚಿಕ್ಕವರಾದರು! ಅನುವಾದ ಪೂರ್ಣ, ಸರಿಯಾಗಿದೆ ಎಂದು ಸಹಿ ಹಾಕಲು ಹೇಗೂ ಮನುಷ್ಯರೇ ಬೇಕು. ಈಗ ಕರಡು ಯಂತ್ರದ್ದು. ತಿದ್ದಿ ಸಹಿ ಹಾಕುವವರು ಮೈಸೂರಿನ ನಿವೃತ್ತ ಮೇಷ್ಟ್ರು, ಪುಟಕ್ಕೆ ಹದಿನೈದು ಡಾಲರ್. ಕೇಸ್ ಲಾ, ಅಂದರೆ ಹಳೇ ತೀರ್ಪುಗಳನ್ನು, ಹುಡುಕಲು ಮಾತ್ರ ಎಐಯನ್ನು ಹತ್ತಿರ ಸೇರಿಸಿಲ್ಲ. ಚಾಟ್‌ಜಿಪಿಟಿ ಹುಟ್ಟಿಸಿದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟವರಿಗೆ 2023ರಲ್ಲಿ ನ್ಯೂಯಾರ್ಕಿನಲ್ಲಿ 5,000 ಡಾಲರ್ ದಂಡ ಬಿದ್ದದ್ದು ನಿಮಗೂ ಗೊತ್ತು.

ಸಹಿಯ ಸ್ಕ್ಯಾನ್ ಪ್ರತಿಯನ್ನು ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ 2020ರಲ್ಲಿ ಒಪ್ಪಿ, 2022ರಲ್ಲಿ ಕಾಯಂ ಮಾಡಿದ್ದರಿಂದ ಕೊರಿಯರ್ ಖರ್ಚೂ ಇಳಿಯಿತು.

ಮೊದಲೆಲ್ಲ ಹತ್ತರಲ್ಲಿ ಮೂರು ಫೈಲಿಗಾದರೂ ಜನನ ದಾಖಲೆಯ ಆರ್‌ಎಫ್‌ಇ ಬರುತ್ತಿತ್ತು. ಈಗ ವರ್ಷಕ್ಕೆ ಒಂದೋ ಎರಡೋ. ಫ್ಲಾಟ್ ಫೀಯಲ್ಲೇ ಲಾಭ ನಿಂತಿದೆ. ತೆಲುಗಿನವರ ಫೈಲುಗಳಿಗೂ ಇದೇ ಶೀಟ್ ಹಾಕಿ ನೋಡುತ್ತಿದ್ದೇನೆ. ಅವರಲ್ಲಿ ಮನೆತನದ ಹೆಸರು ಮೊದಲು ಬರುವುದರಿಂದ ಇನ್ನೊಂದು ಕಾಲಂ ಸೇರಿಸಬೇಕಾಗಿದೆ.