ಕರ್ಬ್ ಹಾಕಿಸುವ ಮೊದಲು ನೀರು ಎತ್ತ ಹೋಗುತ್ತೆ ನೋಡಿ

ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಮಳೆ ನಿಂತು ಮೂರು ದಿನವಾದರೂ ಒಂದು ಮೂಲೆಯಲ್ಲಿ ನೀರು ಹಾಗೇ ಇರುತ್ತಿತ್ತು. ಹೊಸ ಕಾಂಕ್ರೀಟು, ನೆಟ್ಟಗಿನ ಕರ್ಬು, ಅದಕ್ಕೆ ಕಪ್ಪು ಹಳದಿ ಬಣ್ಣ ಬೇರೆ. ನೋಡೋಕೆ ಚೆನ್ನಾಗಿತ್ತು, ನೀರು ಮಾತ್ರ ಹರಿಯುತ್ತಿರಲಿಲ್ಲ. ಕಾರಣ ಆಮೇಲೆ ಗೊತ್ತಾಯ್ತು. ಮಟ್ಟ ಹಿಡಿಯುವ ಪೈಪಿನೊಳಗೆ ಒಂದು ಗಾಳಿಗುಳ್ಳೆ ಸೇರಿಕೊಂಡಿತ್ತು. ಆ ಪೈಪಿನ ಒಂದು ತುದಿ ಹಿಡಿದು ನಿಂತಿದ್ದವನು ನಾನೇ.

ಕರ್ಬ್ ಅಂದರೆ ರಸ್ತೆಯ ಅಂಚಿನ ಏರು ಕಟ್ಟೆ, ಅದರ ಬುಡದಲ್ಲಿ ನೀರು ಹರಿಯುವ ಪಟ್ಟಿ ಗಟರ್. ಎರಡನ್ನೂ ಒಟ್ಟಿಗೆ ಎರಕ ಹಾಕಿದರೆ ಒಳ್ಳೆಯದು. ಬೇರೆ ಬೇರೆ ಹಾಕಿದರೆ ನಡುವಿನ ಸಂದಿಯಲ್ಲಿ ನೀರು ಇಳಿದು, ಕೆಳಗಿನ ಮಣ್ಣು ಕರಗಿ, ಒಂದೆರಡು ಮಳೆಗಾಲದಲ್ಲಿ ಕರ್ಬು ವಾಲುತ್ತದೆ. ರೆಡಿಮೇಡ್ ಕರ್ಬ್ ಕಲ್ಲು ಬೇಗ ಕೂರಿಸಬಹುದು ನಿಜ, ಆದರೆ ಅದರ ಹಿಂಬದಿಗೂ ಕಾಂಕ್ರೀಟಿನ ಒತ್ತು ಕೊಡಬೇಕು. ಸುಮ್ನೆ ಗಾರೆ ಮೇಲೆ ಇಟ್ಟರೆ ಮೊದಲ ನೀರಿನ ಟ್ಯಾಂಕರ್ ಹಿಂದಕ್ಕೆ ಬಂದಾಗಲೇ ಮಲಗುತ್ತದೆ.

ಮೊದಲು ಇಳಿಜಾರು

ನೀರು ಕೊನೆಗೆ ಎಲ್ಲಿಗೆ ಹೋಗಬೇಕು ಅನ್ನೋದನ್ನು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಒಳಚರಂಡಿಗೆ ಮಾತ್ರ ಸೇರಿಸಬೇಡಿ, ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕುವುದು ಹೀಗೇ. ಮಳೆನೀರಿನ ಚರಂಡಿ ಅಥವಾ ಇಂಗುಗುಂಡಿ ಸರಿ. ಅದಕ್ಕೂ ಮುಂಚೆ ಒಂದು ಚೇಂಬರ್ ಕಟ್ಟಿಸಿ. ಅದರ ತಳ ಪೈಪಿಗಿಂತ ಒಂದಡಿ ಕೆಳಗಿರಲಿ, ಮಣ್ಣು, ಎಲೆ ಅಲ್ಲೇ ಕೂರುತ್ತವೆ. ಮೇಲಿನ ಜಾಲರಿಯ ಪಟ್ಟಿಗಳು ಗಾಡಿ ಬರುವ ದಿಕ್ಕಿಗೆ ಅಡ್ಡ ಇರಬೇಕು, ಉದ್ದುದ್ದ ಇದ್ದರೆ ಸೈಕಲ್ ಚಕ್ರ ಒಳಗೆ ಹೋಗುತ್ತದೆ.

ಉದ್ದಕ್ಕೆ 200ಕ್ಕೆ 1ರ ಇಳಿಜಾರು ಇಟ್ಟುಕೊಳ್ಳಿ. 20 ಮೀಟರಿಗೆ 10 ಸೆಂಟಿಮೀಟರ್. ಕಣ್ಣಿಗೆ ಇದು ಕಾಣುವುದೇ ಇಲ್ಲ, ಹಾಗಾಗಿ 'ಕಣ್ಣಳತೆ ಸಾಕು ಸಾರ್' ಅನ್ನೋ ಮೇಸ್ತ್ರಿಯ ಮಾತು ಕೇಳಬೇಡಿ. ಪಾರದರ್ಶಕ ಪೈಪಿಗೆ ನೀರು ತುಂಬಿ, ಬೆರಳಲ್ಲಿ ತಟ್ಟುತ್ತಾ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಗುಳ್ಳೆ ಇದೆಯಾ ನೋಡಿ. ಎರಡೂ ತುದಿಯನ್ನು ಅಕ್ಕಪಕ್ಕ ಹಿಡಿದಾಗ ನೀರು ಒಂದೇ ಎತ್ತರಕ್ಕೆ ನಿಲ್ಲದಿದ್ದರೆ ಒಳಗೆಲ್ಲೋ ಗಾಳಿ ಇದೆ ಅಂತಲೇ ಲೆಕ್ಕ. ಸರಿ ಇದ್ದರೆ ಎರಡೂ ಕೊನೆಯ ಗೂಟಗಳಿಗೆ ಸಮ ಮಟ್ಟದ ಗುರುತು ಹಾಕಿ. ಮೇಲಿನ ಗೂಟದಲ್ಲಿ ಗುರುತಿನಿಂದ 50 ಸೆಂಟಿಮೀಟರ್ ಕೆಳಗೆ, ಕೆಳಗಿನದರಲ್ಲಿ 60 ಸೆಂಟಿಮೀಟರ್ ಕೆಳಗೆ ದಾರ ಕಟ್ಟಿ. ಆ ದಾರವೇ ನಿಮ್ಮ ಗಟರಿನ ಮೇಲ್ಮೈ.

ಅಗೆತ, ಶೀಟು, ಎರಕ

ಗಟರ್ 15 ಸೆಂಟಿಮೀಟರ್ ದಪ್ಪ, ಅದರ ಕೆಳಗೆ 10 ಸೆಂಟಿಮೀಟರ್ ಬೆಡ್ ಕಾಂಕ್ರೀಟು, ಅಷ್ಟು ಅಗೆಯಿರಿ. ತಳಕ್ಕೆ ನೀರು ಹಾಕಿ ದಿಮ್ಮಸು ಹೊಡೆಯಿರಿ. ಹೊಸದಾಗಿ ತುಂಬಿದ ಮಣ್ಣಾದರೆ ಇಲ್ಲಿ ಅರ್ಧ ದಿನ ಜಾಸ್ತಿ ಹೋದರೂ ಪರವಾಗಿಲ್ಲ.

ಗಟರ್ ಒಂದಡಿ ಅಗಲ ಇರಲಿ, ಕರ್ಬಿನ ಕಡೆಗೆ ಒಂದಿಂಚು ವಾಟ, ಅಂದರೆ ಇಳಿಜಾರು. ಕರ್ಬು ಆರಿಂಚು ಎತ್ತರ, ಆರಿಂಚು ದಪ್ಪ. ಅದಕ್ಕಿಂತ ಎತ್ತರ ಮಾಡಿದರೆ ಅಜ್ಜಿಯರಿಗೆ ಹತ್ತೋಕೆ ಕಷ್ಟ, ಕಾರಿನ ಬಂಪರಿಗೂ ತಾಗುತ್ತದೆ. ವೀಲ್‌ಚೇರ್ ಹೋಗುವ ಕಡೆ 12ಕ್ಕೆ 1ರ ರ‍್ಯಾಂಪ್ ಬಿಡಿ, ಅಂದರೆ ಆರಿಂಚು ಏರೋಕೆ ಆರಡಿ ಉದ್ದ. ಇದನ್ನು ಆಮೇಲೆ ಒಡೆದು ಮಾಡೋಣ ಅಂದರೆ ಯಾರೂ ಮಾಡಲ್ಲ.

ಈ ಅಳತೆಗೆ 20 ಮೀಟರಿಗೆ 1.8 ಘನ ಮೀಟರ್ ಕಾಂಕ್ರೀಟು ಬೇಕು, ಎಂ20 (ಕಾಂಕ್ರೀಟಿನ ಗಟ್ಟಿತನದ ಒಂದು ದರ್ಜೆ) ಆದರೆ ಸುಮಾರು 15 ಮೂಟೆ ಸಿಮೆಂಟು. ಬೆಡ್‌ಗೆ ಬೇರೆ. ಒಂದು ಮೂಟೆಗೆ ಒಂದೂವರೆ ಪೆಟ್ಟಿಗೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಮೂರು ಪೆಟ್ಟಿಗೆ 20 ಎಂಎಂ ಜಲ್ಲಿ. ಪೆಟ್ಟಿಗೆ ಅಂದರೆ ಒಂದೂಕಾಲು ಘನ ಅಡಿಯದು, ಒಂದು ಮೂಟೆ ಸಿಮೆಂಟು ಹಿಡಿಸುವಷ್ಟು. ಬಾಂಡ್ಲಿ ಲೆಕ್ಕಕ್ಕೆ ಬಿಟ್ಟರೆ ಬೆಳಿಗ್ಗೆಯ ಬಾಂಡ್ಲಿಗೂ ಸಂಜೆಯ ಬಾಂಡ್ಲಿಗೂ ಸಂಬಂಧ ಇರಲ್ಲ. ನೀರು ಮೂಟೆಗೆ 25 ಲೀಟರ್ ದಾಟಬಾರದು. ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಜಗಳ ಆಗೋದು ಇಲ್ಲೇ, ಯಾಕಂದ್ರೆ ನೀರು ಜಾಸ್ತಿ ಆದಷ್ಟೂ ಸುರಿಯೋಕೆ ಸಲೀಸು, ಆದರೆ ಒಣಗಿದ ಮೇಲೆ ಮೇಲ್ಮೈ ಪುಡಿ ಉದುರುತ್ತದೆ.

ಎರಕಕ್ಕೆ ಅಚ್ಚಾಗಿ ನಿಲ್ಲಿಸುವ ಶೀಟಿನ ಒಳಮೈಗೆ ಎಣ್ಣೆ ಸವರಿ, ಎರಕ ಹಾಕುವಾಗ ವೈಬ್ರೇಟರ್ ಬಿಡಿ. ಇಲ್ಲದಿದ್ದರೆ ಕಂಬಿಯಿಂದ ಚೆನ್ನಾಗಿ ಚುಚ್ಚಿ. ಮೂರು ಮೀಟರಿಗೊಂದು ಜಾಯಿಂಟ್, ಒಂದೂವರೆ ಇಂಚು ಆಳ, ಕಾಂಕ್ರೀಟು ಇನ್ನೂ ಹಸಿ ಇರುವಾಗಲೇ ಕೊಡಿ. ಬಿರುಕು ಹೇಗೂ ಬರುತ್ತದೆ, ನೀವು ಗೆರೆ ಹಾಕಿದ ಕಡೆ ಬರಲಿ ಅಂತ ಅಷ್ಟೇ. ಗೋಡೆಗೋ ಚೇಂಬರಿಗೋ ತಾಗುವ ಕಡೆ ನಡುವೆ ಥರ್ಮಾಕೋಲ್ ಹಾಳೆ ಇಡಿ.

ಮಾರನೇ ದಿನದಿಂದ ಒದ್ದೆ ಗೋಣಿಚೀಲ, ಕಡಿಮೆ ಅಂದರೂ ಏಳು ದಿನ. ಚೀಲ ಒಣಗಲು ಬಿಡಬೇಡಿ. ಅಲ್ಲಿವರೆಗೆ ಗಾಡಿ ಹತ್ತಿಸಬೇಡಿ.

ಮುಂದೆ ಯಾವತ್ತಾದರೂ ಡಾಂಬರು ಹಾಕುವಾಗ ಹಳೆಯದನ್ನು ಕೆರೆದು ತೆಗೆಯಿರಿ ಅಂತ ಹಟ ಹಿಡಿಯಿರಿ. ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ಆರಿಂಚಿನ ಕರ್ಬು ಎರಡಿಂಚಿಗೆ ಇಳಿದಿದೆ, ಗಟರ್ ಎಲ್ಲಿತ್ತು ಅಂತಲೇ ಗೊತ್ತಾಗಲ್ಲ.

ಕೊನೆಯ ಕಂತು ಕೊಡುವ ಮೊದಲು ಮೇಲಿನ ತುದಿಯಲ್ಲಿ ನಾಲ್ಕು ಬಕೆಟ್ ನೀರು ಸುರಿದು, ಟೀ ಕುಡಿದು ಬನ್ನಿ. ಎಲ್ಲಾದರೂ ನೀರು ನಿಂತಿದ್ದರೆ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಆ ಜಾಯಿಂಟಿನಿಂದ ಈ ಜಾಯಿಂಟಿನವರೆಗೆ ಮಾತ್ರ ಒಡೆದು ಮತ್ತೆ ಹಾಕಿದರೆ ಸಾಕು. ನಮ್ಮಲ್ಲಿ ಹಾಗೇ ಎರಡು ತುಂಡು ಒಡೆದು ಹಾಕಿದರು. ಈ ಸಲ ಪೈಪ್ ಹಿಡಿಯೋಕೆ ಮೇಸ್ತ್ರಿ ನನ್ನನ್ನು ಕರೆಯಲಿಲ್ಲ.