‘ಒಂದು ಹಾಕಿ ಮುಗಿಸಿಬಿಡಬೇಕು’ ಅನ್ನುವವರ ಜೊತೆ ವಾದ ಮಾಡುವುದು ಹೇಗೆ

ಗಡಿಯಲ್ಲಿ ಸ್ವಲ್ಪ ಬಿಸಿ ಏರಿದರೆ ಸಾಕು, ನಮ್ಮ ಬಳ್ಳಾರಿಯ ಒಗ್ಗರಣೆ ಮಿರ್ಚಿ ಅಂಗಡಿಗಳಲ್ಲಿ ಈ ಮಾತು ಬಂದೇ ಬರುತ್ತದೆ. "ಏನಿಲ್ಲಪ್ಪಾ, ಒಂದು ಅಣುಬಾಂಬ್ ಹಾಕಿದ್ರೆ ಮುಗೀತು. ಜಪಾನ್ ಸುಮ್ನಾಗ್ಲಿಲ್ವಾ?" 1945ರ ಆಗಸ್ಟ್ 6ಕ್ಕೆ ಹಿರೋಷಿಮಾ, 9ಕ್ಕೆ ನಾಗಸಾಕಿ ಊರುಗಳ ಮೇಲೆ ಅಮೆರಿಕ ಬಾಂಬ್ ಹಾಕಿದ್ದರ ಮಾತು ಇದು. ಹೀಗೆ ಹೇಳುವವರು ಕೆಟ್ಟವರೇನಲ್ಲ. ನಾನು ಹೋಗುವ ಅಂಗಡಿಯಲ್ಲಿ ಇದನ್ನು ಜಾಸ್ತಿ ಹೇಳುವುದು ಗ್ಯಾರೇಜ್ ಇಟ್ಟುಕೊಂಡಿರುವ ಒಬ್ಬ ಹಿರಿಯರು. ದಿನಾ ಬೀದಿನಾಯಿಗೆ ಬ್ರೆಡ್ ಹಾಕಿ ಆಮೇಲೆ ತಾವು ತಿನ್ನಲು ಕೂರುವ ಮನುಷ್ಯ. ಅವರ ಜೊತೆ ಜಗಳ ಆಡಿ, ಸೋತು, ಮನೆಗೆ ಬಂದು ಓದಿ, ಮತ್ತೆ ಹೋಗಿ ಜಗಳ ಆಡಿ ನಾನು ಕಲಿತದ್ದು ಇಷ್ಟು. ಚರ್ಚಾಸ್ಪರ್ಧೆಗೆ ಹೋಗುವ ಹುಡುಗರಿಗೂ ಉಪಯೋಗಕ್ಕೆ ಬರಬಹುದು.

ಮೊದಲನೆಯದು, "ಯುದ್ಧ ಬೇಡ, ಶಾಂತಿ ಬೇಕು" ಅಂತ ಶುರು ಮಾಡಬೇಡಿ. ಅಲ್ಲಿಗೇ ನಿಮ್ಮನ್ನು ಯಾರೂ ಕೇಳುವುದಿಲ್ಲ. ಇನ್ನೊಂದು, ನಮ್ಮ ಕಡೆಯವರಿಗೆ ಅಶೋಕನನ್ನು ಎಳೆದು ತರುವ ಚಟ ಇದೆ. "ಮಸ್ಕಿಯ ಬಂಡೆ ನೋಡ್ರಿ, ಯುದ್ಧ ಮಾಡಿ ಎಷ್ಟು ನೊಂದುಕೊಂಡ" ಅಂತ. ಮಸ್ಕಿ ಶಾಸನ 1915ರಲ್ಲಿ ಸಿಕ್ಕಿತು, ಅದರಲ್ಲಿ ಅಶೋಕ ಎಂಬ ಹೆಸರೇ ಇದೆ ಅನ್ನುವುದು ಅದರ ಹೆಚ್ಚುಗಾರಿಕೆ, ಆದರೆ ಕಳಿಂಗದ ಮಾತು ಅದರಲ್ಲಿ ಇಲ್ಲವೇ ಇಲ್ಲ. ಕೊಪ್ಪಳದ ಗವಿಮಠದ ಶಾಸನದಲ್ಲೂ ಇಲ್ಲ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಒಯ್ದೆವು ಅಂತ ಅವನು ಬರೆಸಿದ್ದು 13ನೇ ಬಂಡೆ ಶಾಸನದಲ್ಲಿ. ತಮಾಷೆ ಏನು ಗೊತ್ತಾ, ಕಳಿಂಗದಲ್ಲೇ ಇರುವ ಧೌಲಿ, ಜೌಗಡದ ಬಂಡೆಗಳಲ್ಲಿ ಆ 13ನೆಯದನ್ನು ಬಿಟ್ಟುಬಿಟ್ಟಿದ್ದಾರೆ. ಪೆಟ್ಟು ತಿಂದವರ ಊರಲ್ಲಿ ಮಾತ್ರ ಆ ಪಶ್ಚಾತ್ತಾಪ ಇಲ್ಲ! ಈ ಕಾಲದಲ್ಲೂ ಹಾಗೇ: 2016ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮಾ ಹಿರೋಷಿಮಾಕ್ಕೆ ಹೋದರು, ಸತ್ತವರಿಗೆ ಹೂ ಇಟ್ಟರು, ಕ್ಷಮೆ ಮಾತ್ರ ಕೇಳಲಿಲ್ಲ. ಇರಲಿ, ದಾರಿ ತಪ್ಪಿತು.

ಎದುರಿನವರ ವಾದವನ್ನು ಅವರಿಗಿಂತ ಚೆನ್ನಾಗಿ ನೀವೇ ಹೇಳಿ. ಇದು ನನಗೆ ತಡವಾಗಿ ಹೊಳೆದದ್ದು. 1945ರ ಏಪ್ರಿಲ್‌ನಿಂದ ಜೂನ್‌ವರೆಗೆ ಓಕಿನಾವಾ ದ್ವೀಪಕ್ಕಾಗಿ ನಡೆದ ಕಾಳಗದಲ್ಲಿ ಅಮೆರಿಕದವರು ಸುಮಾರು 12,000 ಸತ್ತರು, ಜಪಾನಿನ ಸೈನಿಕರು ಅದರ ಹಲವು ಪಟ್ಟು, ಅಲ್ಲಿನ ಸಾಮಾನ್ಯ ಜನರಂತೂ ಲೆಕ್ಕಕ್ಕೇ ಸಿಗದಷ್ಟು. ಒಂದು ದ್ವೀಪಕ್ಕೆ ಇಷ್ಟಾದರೆ ಇಡೀ ಜಪಾನಿಗೆ ಎಷ್ಟು? ನವೆಂಬರ್ 1ಕ್ಕೆ ಕ್ಯೂಶೂ ದ್ವೀಪದ ಮೇಲೆ ಇಳಿಯುವ ಯೋಜನೆ ತಯಾರಾಗಿತ್ತು. ಇಳಿಯದೆ ಸುತ್ತುಗಟ್ಟಿ ಕೂತಿದ್ದರೂ ಜನ ಹಸಿವಿನಿಂದ ಸಾಯುತ್ತಿದ್ದರು. ಅತ್ತ ಚೀನಾದಲ್ಲಿ, ಜಪಾನ್ ಹಿಡಿದುಕೊಂಡಿದ್ದ ಬೇರೆ ದೇಶಗಳಲ್ಲಿ ಪ್ರತಿ ತಿಂಗಳು ಸಾಯುತ್ತಿದ್ದವರು ಬೇರೆ. ಅಷ್ಟೇ ಅಲ್ಲ, ಅಣುಬಾಂಬಿಗೂ ಮುಂಚೆ, ಮಾರ್ಚ್ 9ರ ರಾತ್ರಿ, ಬೆಂಕಿ ಬಾಂಬುಗಳಿಂದಲೇ ಟೋಕಿಯೋದಲ್ಲಿ ಸುಮಾರು ಒಂದು ಲಕ್ಷ ಜನ ಸುಟ್ಟುಹೋಗಿದ್ದರು. "ಅದು ನಡೆಯುತ್ತೆ, ಇದು ನಡೆಯಲ್ವಾ?" ಅಂತ ಕೇಳಿದರೆ ಸುಲಭದ ಉತ್ತರ ಇಲ್ಲ. ಇದನ್ನೆಲ್ಲ ನೀವೇ ಮೊದಲು ಹೇಳಿಬಿಟ್ಟರೆ ಎದುರಿನವರು ಮಿರ್ಚಿ ಪಕ್ಕಕ್ಕಿಟ್ಟು ನಿಮ್ಮನ್ನು ನೋಡುತ್ತಾರೆ. ನನ್ನ ಹಿರಿಯರು "ಮತ್ತಿನ್ನೇನು, ನೀನೂ ನಮ್ಮವನೇ" ಅಂದರು.

ಈಗ ಲೆಕ್ಕಕ್ಕೆ ಬನ್ನಿ. "ಹತ್ತು ಲಕ್ಷ ಜನ ಉಳಿದರು" ಅನ್ನುವ ಅಂಕಿ ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ಹೆಸರು ತಂದುಕೊಟ್ಟದ್ದು ಅಮೆರಿಕದ ಯುದ್ಧಮಂತ್ರಿಯಾಗಿದ್ದ ಸ್ಟಿಮ್ಸನ್ 1947ರಲ್ಲಿ, ಅಂದರೆ ಎಲ್ಲ ಮುಗಿದ ಮೇಲೆ, ಬರೆದ ಲೇಖನ. ಅವರು ಹೇಳಿದ್ದು ಅಮೆರಿಕದ ಸೈನಿಕರಲ್ಲಿ ಸತ್ತವರು, ಗಾಯಗೊಂಡವರು ಎಲ್ಲ ಸೇರಿ. ನಮ್ಮವರು ಅದನ್ನು ಸಾವಿನ ಲೆಕ್ಕ ಮಾಡಿಕೊಂಡಿದ್ದಾರೆ. ಇನ್ನೊಂದು ತಕ್ಕಡಿಯಲ್ಲಿ ಇರುವುದು ಅಂದಾಜಿನ ಸಾವು ಅಲ್ಲ, ಆಗಿಹೋದ ಸಾವು: 1945ರ ಕೊನೆಯೊಳಗೆ ಹಿರೋಷಿಮಾದಲ್ಲಿ ಸುಮಾರು 1,40,000, ನಾಗಸಾಕಿಯಲ್ಲಿ ಸುಮಾರು 70,000. ಆದರೂ ಲೆಕ್ಕದಲ್ಲೇ ಗೆಲ್ಲಲು ಹೋಗಬೇಡಿ. ಯಾಕೆಂದರೆ ನಾಳೆ ಯಾರಾದರೂ ದೊಡ್ಡ ಅಂಕಿ ತಂದಿಟ್ಟರೆ ನೀವು ಸೋತ ಹಾಗೆ. ಕೇಳಬೇಕಾದದ್ದು ಬೇರೆ: ಯುದ್ಧ ಬೇಗ ಮುಗಿಯಲಿ ಅಂತ ಒಂದು ಊರಿನ ಮಕ್ಕಳನ್ನು ಸಾಯಿಸಬಹುದಾ? ಬಾಂಬ್ ಗುರಿ ತಪ್ಪಿ ಬಿದ್ದು ಸತ್ತರು ಅಂತಲ್ಲ, ಅವರು ಸಾಯಲಿ ಅಂತಲೇ ಹಾಕುವುದು. 1956ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ, ಬಾಂಬ್ ಹಾಕಿಸಿದಾಗ ಅಮೆರಿಕದ ಅಧ್ಯಕ್ಷರಾಗಿದ್ದ ಟ್ರೂಮನ್‌ಗೆ ಗೌರವ ಪದವಿ ಕೊಡಲು ಹೊರಟಾಗ ಎಲಿಜಬೆತ್ ಆನ್ಸ್‌ಕಂಬ್ ಎಂಬ ತತ್ವಶಾಸ್ತ್ರದ ಅಧ್ಯಾಪಕಿ ಎದ್ದು ನಿಂತು ವಿರೋಧಿಸಿದ್ದು ಇದೇ ಕಾರಣಕ್ಕೆ. ಪದವಿ ಕೊಟ್ಟರು, ಅದು ಬೇರೆ ಮಾತು.

ಇಲ್ಲಿ "ಅದು ಮಿಲಿಟರಿ ಊರಾಗಿತ್ತಲ್ಲ" ಅನ್ನುತ್ತಾರೆ. ಹೌದು, ಜಪಾನಿನ ಎರಡನೇ ಮಹಾಸೇನೆಯ ಮುಖ್ಯ ಕಚೇರಿ ಹಿರೋಷಿಮಾದಲ್ಲಿತ್ತು, ಒಪ್ಪಿಕೊಳ್ಳಿ. ಆದರೆ ಗುರಿ ಇಟ್ಟದ್ದು ಆ ಕಚೇರಿಗಲ್ಲ. ಊರಿನ ಮಧ್ಯದಲ್ಲಿದ್ದ, ಮೇಲಿನಿಂದ ಟಿ ಅಕ್ಷರದಂತೆ ಕಾಣುವ ಐಯೋಯಿ ಸೇತುವೆಗೆ. ಅದೂ ಸ್ವಲ್ಪ ತಪ್ಪಿ, ಒಂದು ಆಸ್ಪತ್ರೆಯ ತಲೆಯ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು.

ಇಷ್ಟು ಹೇಳಿದ ಮೇಲೆ ಫೋನ್ ತೆಗೆಯಿರಿ. ಇದು ನನ್ನ ಸ್ವಂತ ಉಪಾಯ. ಮ್ಯಾಪ್‌ನಲ್ಲಿ ದೂರ ಅಳೆಯುವ ಸೌಲಭ್ಯ ಇರುತ್ತದಲ್ಲ, ನಮ್ಮ ರಾಯಲ್ ಸರ್ಕಲ್‌ನ ಗಡಿಯಾರ ಗೋಪುರದ ಮೇಲೆ ಬೆರಳಿಟ್ಟು ಸುತ್ತಲೂ 1.6 ಕಿಲೋಮೀಟರ್ ಅಳೆಯಿರಿ. ಹಿರೋಷಿಮಾದಲ್ಲಿ ಹೆಚ್ಚುಕಡಿಮೆ ಏನೂ ಉಳಿಯದೇ ಹೋದ ಜಾಗ ಅಷ್ಟು. ಸ್ಟೇಷನ್ ಒಳಗೆ ಬರುತ್ತದೆ. ಮೋತಿ ಸರ್ಕಲ್ ಬರುತ್ತದೆ. ದುರ್ಗಮ್ಮನ ಗುಡಿ ಬರುತ್ತದೆ. ನೀವು ಕೂತಿರುವ ಅಂಗಡಿ, ಆ ಬಾಣಲೆ, ಮಂಡಾಳು ಚೀಲ, ಎಲ್ಲ ಬರುತ್ತದೆ. ಅದರಾಚೆಗೆ ಬೆಂಕಿ ಬೇರೆ. ಹಿರೋಷಿಮಾದಲ್ಲಿ ಆಗ ಇದ್ದ ಜನ ಸುಮಾರು ಮೂರೂವರೆ ಲಕ್ಷ, ಬಳ್ಳಾರಿ ನಗರ ಅದಕ್ಕಿಂತ ದೊಡ್ಡದು. ಅಲ್ಲಿ ಡಾಕ್ಟರ್, ನರ್ಸ್‌ಗಳಲ್ಲೇ ಹೆಚ್ಚಿನವರು ಸತ್ತಿದ್ದರು, ಇಲ್ಲ ಗಾಯಗೊಂಡಿದ್ದರು, ಉಳಿದವರನ್ನು ನೋಡಲು ಜನ ಇರಲಿಲ್ಲ.

ಒಂದೇ ಒಂದು ವಸ್ತು ತೋರಿಸುವುದಾದರೆ ಬುತ್ತಿ ಡಬ್ಬಿಯನ್ನು ತೋರಿಸಿ. ಆ ಬೆಳಿಗ್ಗೆ ಹನ್ನೆರಡು ಹದಿಮೂರು ವರ್ಷದ ಸಾವಿರಾರು ಶಾಲೆ ಮಕ್ಕಳು ಊರ ನಡುವೆ ಮನೆ ಕೆಡವುವ ಕೆಲಸಕ್ಕೆ ಬಂದಿದ್ದರು, ಬಾಂಬ್ ಬಿದ್ದರೆ ಬೆಂಕಿ ಹಬ್ಬದಿರಲಿ ಅಂತ. ಬಾಂಬ್ ಸಿಡಿದದ್ದು 8.15ಕ್ಕೆ, ಬುತ್ತಿ ಇನ್ನೂ ಬಿಚ್ಚಿರಲಿಲ್ಲ. ಒಬ್ಬ ತಾಯಿ ಹುಡುಕುತ್ತಾ ಹೋದಾಗ ಮಗನ ಶವದ ಜೊತೆ ಆ ಡಬ್ಬಿ ಸಿಕ್ಕಿತು. ಒಳಗಿನ ಅನ್ನ ಇದ್ದಿಲಾಗಿತ್ತು. ಈಗ ಅಲ್ಲಿನ ಮ್ಯೂಸಿಯಂನಲ್ಲಿದೆ, ಫೋಟೋ ಹುಡುಕಿದರೆ ಸಿಗುತ್ತದೆ. ತೋರಿಸಿ ಸುಮ್ಮನಿರಿ. ಭಾಷಣ ಮಾಡಬೇಡಿ.

ಆಮೇಲೆ ನಾಗಸಾಕಿ. ಎಲ್ಲರೂ ಹಿರೋಷಿಮಾ ಬಗ್ಗೆಯೇ ಜಗಳ ಆಡುತ್ತಾರೆ, ನಿಜವಾದ ಗಟ್ಟಿ ಪ್ರಶ್ನೆ ಇರುವುದು ಆಗಸ್ಟ್ 9ರಲ್ಲಿ. ಮೊದಲ ಬಾಂಬ್ ಏನು ಮಾಡಿತು ಅಂತ ಜಪಾನಿನ ದೊಡ್ಡವರು ತಿಳಿದುಕೊಳ್ಳುವುದಕ್ಕೂ ಸರಿಯಾಗಿ ಸಮಯ ಕೊಡದೆ, ಮೂರೇ ದಿನದಲ್ಲಿ ಎರಡನೆಯದು. ಅದೇ ದಿನ ರಷ್ಯಾದ ಸೇನೆಯೂ ಜಪಾನ್ ಹಿಡಿದುಕೊಂಡಿದ್ದ ಮಂಚೂರಿಯಾಕ್ಕೆ ನುಗ್ಗಿತ್ತು. ಆದ್ದರಿಂದ "ಬಾಂಬಿನಿಂದಲೇ ಶರಣಾದರು" ಅನ್ನುವುದು ಅಷ್ಟು ಸಲೀಸಲ್ಲ. ಅವತ್ತಿನ ಮೊದಲ ಗುರಿ ಕೊಕುರಾ ಎಂಬ ಊರು. ಅಲ್ಲಿ ಮೋಡ, ಹೊಗೆ ಮುಚ್ಚಿ ಕಾಣಲಿಲ್ಲ ಅಂತ ವಿಮಾನ ನಾಗಸಾಕಿಗೆ ತಿರುಗಿತು. ಮೋಡ ಇದ್ದ ಊರು ಉಳಿಯಿತು, ಅಷ್ಟೇ. ಇದನ್ನು ಕೇಳಿ ನಮ್ಮ ಹಿರಿಯರು ಮೊದಲ ಸಲ ಮಾತು ನಿಲ್ಲಿಸಿದರು.

"ಬೇರೆ ದಾರಿಯೇ ಇರಲಿಲ್ಲ" ಅಂದರೆ ಇದು ನೆನಪಿರಲಿ: ಜನ ಇಲ್ಲದ ಕಡೆ ಸಿಡಿಸಿ ತೋರಿಸೋಣ ಅಂತ ಬಾಂಬ್ ಕೆಲಸದಲ್ಲಿದ್ದ ವಿಜ್ಞಾನಿಗಳೇ 1945ರ ಜೂನ್‌ನಲ್ಲಿ ವರದಿ ಕೊಟ್ಟಿದ್ದರು. ಶರಣಾಗಲು ಅವಕಾಶ ಕೊಡದೆ ಹಾಕಬೇಡಿ ಅಂತ ಜುಲೈನಲ್ಲಿ ಆ ವಿಜ್ಞಾನಿಗಳಲ್ಲೇ ಒಬ್ಬರಾದ ಸಿಲಾರ್ಡ್ ಬರೆದ ಮನವಿಗೆ 70 ಜನ ಸಹಿ ಹಾಕಿದ್ದರು.

ಕಾನೂನು ಕೇಳಿದರೆ ಜಾಸ್ತಿ ಹಿಗ್ಗಬೇಡಿ. 1996ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಇಂಥ ಅಸ್ತ್ರ ಬಳಸುವುದು ಸಾಮಾನ್ಯವಾಗಿ ಯುದ್ಧದ ನಿಯಮಕ್ಕೆ ವಿರುದ್ಧ ಅಂದಿತು. ಆದರೆ ದೇಶವೇ ಉಳಿಯುತ್ತೋ ಇಲ್ಲವೋ ಅನ್ನುವ ಹೊತ್ತಿಗೆ ಏನು ಅಂತ ಖಚಿತವಾಗಿ ಹೇಳಲಿಲ್ಲ. ಮತ 7–7, ಅಧ್ಯಕ್ಷರ ಹೆಚ್ಚುವರಿ ಮತದಿಂದ ತೀರ್ಮಾನವಾಯಿತು.

ಕೊನೆಗೆ ಅವರು ಕೇಳುವುದು ನಮ್ಮ ದೇಶದ ಮಾತು, ಅದಕ್ಕೆ ತಯಾರಾಗಿ ಹೋಗಿ. ನಾವಾಗಿ ಮೊದಲು ಹಾಕುವುದಿಲ್ಲ ಅನ್ನುವುದು ಭಾರತದ ನೀತಿ, 2003ರ ಜನವರಿಯಲ್ಲಿ ಸರ್ಕಾರವೇ ಹೇಳಿದ್ದು. ಅಂದರೆ "ಒಂದು ಹಾಕಿ ಮುಗಿಸೋಣ" ಅನ್ನುವವರು ಸರ್ಕಾರದ ನೀತಿಗೇ ವಿರುದ್ಧ ಮಾತಾಡುತ್ತಿದ್ದಾರೆ. ಇದನ್ನು ನಗುತ್ತಾ ಹೇಳಿ, ಚುಚ್ಚಬೇಡಿ. ಆದರೆ ಅದೇ ನೀತಿಯಲ್ಲಿ, ನಮ್ಮ ಮೇಲೆ ಹಾಕಿದರೆ ಅವರು ತಾಳಲಾರದಷ್ಟು ದೊಡ್ಡ ಪೆಟ್ಟು ಕೊಡುತ್ತೇವೆ ಅಂತಲೂ ಇದೆ. ನಮ್ಮ ಊರು ಹೋದ ಮೇಲೆ ಅವರ ಊರನ್ನು ಸುಟ್ಟರೆ ನಮ್ಮವರು ಎದ್ದು ಬರುತ್ತಾರಾ? ಬರುವುದಿಲ್ಲ. ಹಾಗಂತ ಸುಡುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟರೆ ಅವರು ಹಾಕದೆ ಬಿಡುತ್ತಾರಾ? ಇಲ್ಲಿ ನನ್ನ ಹತ್ತಿರ ಉತ್ತರ ಇಲ್ಲ. ಇಲ್ಲ ಅಂತಲೇ ಅವರಿಗೂ ಹೇಳಿದೆ.

ಹಿರಿಯರು ಬದಲಾದರಾ ಅಂತ ಕೇಳಬೇಡಿ. ಹಿರೋಷಿಮಾ ಸರಿ ಅಂತಲೇ ಈಗಲೂ ಅನ್ನುತ್ತಾರೆ. ಹೋದ ವಾರ ಯಾರೋ ಹುಡುಗ ಟೀವಿ ನೋಡಿಕೊಂಡು "ಎರಡು ಹಾಕ್ಬೇಕ್ರೀ" ಅಂದಾಗ ಮಾತ್ರ ಅವನ ಫೋನ್ ಇಸಿದುಕೊಂಡು, "ಬಾ ಇಲ್ಲಿ, ಮ್ಯಾಪ್ ತೆಗಿ" ಅಂದರು.