ಕೂಪನ್ ಬಿಡುವ ಮುನ್ನ ಬಿಲ್ ಹಿಂದೆ ಒಂದು ಲೆಕ್ಕ

ಅರ್ಧ ಬೆಲೆಗೆ ಕೇಕ್ ಅಂದರೆ ಜನ ಬಂದೇ ಬರುತ್ತಾರೆ. ಕಷ್ಟ ಶುರುವಾಗುವುದೇ ಅವರು ಬಂದ ಮೇಲೆ. 2011ರಲ್ಲಿ ಇಂಗ್ಲೆಂಡಿನ ರೆಡಿಂಗ್ ಬಳಿಯ ಸಣ್ಣ ಬೇಕರಿಯೊಂದು ರಿಯಾಯಿತಿ ಕೂಪನ್ ಮಾರುವ ವೆಬ್‌ಸೈಟ್ ಗ್ರೂಪಾನ್‌ನಲ್ಲಿ ಡಜನ್ ಕಪ್‌ಕೇಕ್‌ಗಳನ್ನು ಶೇ 75ರಷ್ಟು ರಿಯಾಯಿತಿಗೆ ಇಟ್ಟಿತು. ಕೂಪನ್ ಕೊಂಡವರು 8,500 ಮಂದಿ. ಅಂದರೆ 1,02,000 ಕಪ್‌ಕೇಕ್! ಹೊರಗಿನಿಂದ ಕೆಲಸದವರನ್ನು ಕರೆಸಬೇಕಾಯಿತು. ಪ್ರತಿ ಡಜನ್‌ಗೂ ಕೈಯಿಂದಲೇ ದುಡ್ಡು ಹೋಯಿತು. ವರ್ಷದ ಲಾಭವೆಲ್ಲ ಅಲ್ಲಿಗೇ ಸರಿಹೋಯಿತು.

ನಿಮ್ಮದು ಬೇಕರಿಯಾಗಲಿ, ಪಾರ್ಲರ್ ಆಗಲಿ, ಆನ್‌ಲೈನ್ ಕೂಪನ್ ಕೊಡುವ ಯೋಚನೆ ಇದ್ದರೆ ಮೊದಲು ಫೋನ್ ಕೆಳಗಿಡಿ, ಪೆನ್ನು ಹಿಡಿಯಿರಿ.

ಲೆಕ್ಕ

ಒಂದು ಕಿಲೋ ಕೇಕ್ ಬೆಲೆ 600 ರೂಪಾಯಿ ಅಂದುಕೊಳ್ಳಿ. ಮೈದಾ, ಕ್ರೀಮ್, ಮೊಟ್ಟೆ, ಗ್ಯಾಸ್, ಡಬ್ಬ ಎಲ್ಲ ಸೇರಿ ಖರ್ಚು 300. ಅರ್ಧ ಬೆಲೆಗೆ ಕೊಟ್ಟರೆ ಅಸಲು ಬಂತಲ್ಲ, ನಷ್ಟವೇನಿಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಕೂಪನ್ ಮಾರುವ ಆ್ಯಪ್ ಅದರಲ್ಲಿ ಅರ್ಧ ಕಮಿಷನ್ ಹಿಡಿದರೆ ನಿಮ್ಮ ಕೈಗೆ ಬರುವುದು 150. ನೂರು ಕೇಕ್ ಹೋದರೆ 15,000 ರೂಪಾಯಿ ಖೋತಾ. ಬಾಡಿಗೆ, ಹುಡುಗರ ಸಂಬಳ ಇದರಲ್ಲಿ ಇನ್ನೂ ಸೇರಿಲ್ಲ. ಕಮಿಷನ್ ಎಷ್ಟು, ದುಡ್ಡು ಯಾವಾಗ ಕೈಗೆ ಬರುತ್ತದೆ, ಎರಡನ್ನೂ ಬರಹದಲ್ಲಿ ಪಡೆದೇ ಸಹಿ ಹಾಕಿ.

ಯಾವುದಕ್ಕೆ, ಯಾವಾಗ

ಇದನ್ನು ನಮ್ಮ ಬಟ್ಟೆ ಅಂಗಡಿಯವರಿಂದ ಕಲಿಯಬೇಕು. ಆಷಾಢದಲ್ಲಿ ಮದುವೆ ಇಲ್ಲ, ಸೀರೆ ಕೇಳುವವರಿಲ್ಲ. ಆಗ ಆಷಾಢ ಸೇಲ್ ಬೋರ್ಡ್ ಮೇಲೇರುತ್ತದೆ. ಶ್ರಾವಣ ಬಂತೋ, ಬೋರ್ಡ್ ಕೆಳಗೆ. ಭಾನುವಾರ ಹೇಗೂ ತುಂಬುವ ಪಾರ್ಲರ್‌ಗೆ ಭಾನುವಾರದ ಕೂಪನ್ ಯಾಕೆ? ಮಂಗಳವಾರ ಮಧ್ಯಾಹ್ನ ಕುರ್ಚಿ ಸುಮ್ನೆ ಖಾಲಿ ಇರುತ್ತದಲ್ಲ, ಕೂಪನ್ ಅದಕ್ಕೆ ಕೊಡಿ.

ನನ್ನನ್ನು ಕೇಳಿದರೆ, ಮೊದಲ ಸಲ ಬಂದವರಿಗಿಂತ ಎರಡನೇ ಸಲ ಬರುವವರಿಗೆ ಕೊಡುವುದೇ ಜಾಣತನ. ಇವತ್ತು ಪೂರ್ತಿ ಬೆಲೆ ಕೊಟ್ಟವರ ಕೈಗೆ ಮುಂದಿನ ಸಲದ 50 ರೂಪಾಯಿ ಕೂಪನ್. ಆ್ಯಪ್‌ನವರ ಹಂಗೂ ಇಲ್ಲ.

ಮಿತಿ

ಎಷ್ಟು ಕೂಪನ್, ಯಾವ ತಾರೀಖಿನವರೆಗೆ, ಒಬ್ಬರಿಗೆ ಎಷ್ಟು, ಈ ಮೂರೂ ದೊಡ್ಡ ಅಕ್ಷರದಲ್ಲಿರಲಿ. 2013ರಲ್ಲಿ ಈರುಳ್ಳಿ ಬೆಲೆ ಗಗನಕ್ಕೇರಿದಾಗ ಗ್ರೂಪಾನ್‌ನ ಭಾರತದ ವೆಬ್‌ಸೈಟ್ ಕಿಲೋಗೆ 9 ರೂಪಾಯಿಯಂತೆ ಈರುಳ್ಳಿ ಮಾರಿತು. ಜನ ಮುಗಿಬಿದ್ದು ವೆಬ್‌ಸೈಟೇ ಕುಸಿಯಿತು. ಆದರೂ ಒಬ್ಬರಿಗೆ ಒಂದೇ ಕಿಲೋ ಅಂತ ಮಿತಿ ಇತ್ತು ನೋಡಿ.

ಹಂಚುವುದು

ಗೂಗಲ್‌ನಲ್ಲಿ ನಿಮ್ಮ ಅಂಗಡಿಯ ಬಿಸಿನೆಸ್ ಪ್ರೊಫೈಲ್ ಇದ್ದರೆ ಅಲ್ಲಿ ಆಫರ್ ಹಾಕಲು ಜಾಗವಿದೆ. ಕೋಡ್, ತಾರೀಖು ತುಂಬಿದರೆ ಆಯಿತು, ಖರ್ಚಿಲ್ಲ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಮಾತ್ರ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ಹಾಗಾಗಿ ಬಿಲ್ ಕೊಡುವಾಗಲೇ ‘ನಂಬರ್ ಸೇವ್ ಮಾಡ್ಕೊಳ್ಳಿ ಮೇಡಂ’ ಅಂತ ಕೇಳಿಬಿಡಿ.

ಇಲ್ಲೊಂದು ಎಡವಟ್ಟು ಇದೆ. ಕೂಪನ್‌ನ ಚಿತ್ರ ಕಳಿಸಿದರೆ ಅದು ಫ್ಯಾಮಿಲಿ ಗ್ರೂಪ್, ಅಪಾರ್ಟ್‌ಮೆಂಟ್ ಗ್ರೂಪ್ ಎಲ್ಲ ಸುತ್ತಿ ಬರುತ್ತದೆ. ಒಂದೇ ಕೂಪನ್ ಹಿಡಿದು ಹತ್ತು ಜನ ಬಂದು ನಿಂತರೆ ಕೌಂಟರಿನ ಹುಡುಗ ಏನು ಮಾಡಬೇಕು? ಪ್ರತಿ ಕೂಪನ್‌ಗೂ ಬೇರೆ ನಂಬರ್ ಹಾಕಿ. ಅದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು, ಪಕ್ಕದಲ್ಲಿ ಗ್ರಾಹಕರ ಮೊಬೈಲ್‌ನ ಕೊನೆಯ ನಾಲ್ಕು ಅಂಕಿ ಬರೆಯಿರಿ. ಬಳಸಿದ ತಕ್ಷಣ ನೋಟ್‌ಬುಕ್‌ನಲ್ಲಿ ಹೊಡೆದುಹಾಕಿ.

ಕೌಂಟರಿನಲ್ಲಿ

ಕೂಪನ್ ನೋಡಿದೊಡನೆ ಮುಖ ಸಿಂಡರಿಸುವ ಅಂಗಡಿಗಳನ್ನು ಕಂಡಿದ್ದೇನೆ. ನಾನು ಮತ್ತೆ ಅತ್ತ ಹೋಗಿಲ್ಲ. ಕ್ರೀಮ್ ಕಡಿಮೆ, ತೂಕ ಕಡಿಮೆ ಅಂತೆಲ್ಲ ಮಾಡಬೇಡಿ.

ಜಿಎಸ್‌ಟಿ ಕಟ್ಟುವವರಾದರೆ ರಿಯಾಯಿತಿಯನ್ನು ಬಿಲ್‌ನಲ್ಲೇ ಬೇರೆ ಸಾಲಾಗಿ ತೋರಿಸಿ. ಹಾಗೆ ತೋರಿಸಿದರೆ ಉಳಿದ ಮೊತ್ತಕ್ಕೆ ಮಾತ್ರ ತೆರಿಗೆ. ಆ್ಯಪ್ ಮೂಲಕ ಮಾರಿದ್ದರೆ ಲೆಕ್ಕ ಬೇರೆ ಆಗಬಹುದು, ನಿಮ್ಮ ಆಡಿಟರ್‌ಗೆ ಒಂದು ಮಾತು ಕೇಳಿ.

ಎರಡು ತಿಂಗಳಾದ ಮೇಲೆ ಅದೇ ನೋಟ್‌ಬುಕ್ ತೆರೆಯಿರಿ. ಕೂಪನ್ ತಂದವರ ನಂಬರ್‌ಗಳಲ್ಲಿ ಎಷ್ಟು ಮಂದಿ ಕೂಪನ್ ಇಲ್ಲದೆಯೂ ಮತ್ತೆ ಬಂದಿದ್ದಾರೆ ಅಂತ ಟಿಕ್ ಹಾಕುತ್ತಾ ಹೋಗಿ. ಪುಟದಲ್ಲಿ ಟಿಕ್ ಬೆರಳೆಣಿಕೆಯಷ್ಟೇ ಇದ್ದರೆ ಮುಂದಿನ ಕೂಪನ್ ಪ್ರಿಂಟ್‌ಗೆ ಕೊಡಬೇಡಿ.